ಹೆಡ್‌ಸೆಟ್ಟಿನ ಮಸೂರವೂ ನಮ್ಮ ಕನ್ನಡಕವೂ

ಕಳೆದ ರಜೆಯಲ್ಲಿ ನಾನು ವಿಶಾಖಪಟ್ಟಣದ ಬಂಧುಗಳ ಮನೆಗೆ ಹೋಗಿದ್ದೆನು. ಅಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಕನ್ನಡಕವನ್ನು ತೆಗೆದಿಟ್ಟು, ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟನ್ನು ಧರಿಸಿ ಆಡುತ್ತಿದ್ದನು. ಕೇಳಿದರೆ, "ಪರದೆ ಕಣ್ಣಿನ ಮುಂದೆಯೇ ಇದೆಯಲ್ಲ ಮಾವ! ಹತ್ತಿರದ್ದು ನನಗೆ ಚೆನ್ನಾಗಿ ಕಾಣುತ್ತದೆ" ಎಂದನು. ಆದರೆ ಚಿತ್ರವೆಲ್ಲ ಮಸುಕಾಗಿ, ಅವನ ತಲೆ ನೋಯತೊಡಗಿತು. ಅದೇ ಹೆಡ್‌ಸೆಟ್ಟನ್ನು ಓದುವ ಕನ್ನಡಕವಿಲ್ಲದೆ ಧರಿಸಿದ ಅವನ ಅಜ್ಜನವರಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು! ಇದು ಹೇಗೆ?

ಪರದೆಯು ಹತ್ತಿರವಿರುವುದು ನಿಜ. ಆದರೆ ಕಣ್ಣು ನೋಡುವುದು ಪರದೆಯನ್ನಲ್ಲ, ಪೀನ ಮಸೂರವು ಉಂಟುಮಾಡುವ ಮಿಥ್ಯಾ ಪ್ರತಿಬಿಂಬವನ್ನು. ಮಸೂರದ ನಾಭಿದೂರವು 40 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಪರದೆಯನ್ನು 39.2 ಮಿಲಿಮೀಟರ್ ದೂರದಲ್ಲಿಟ್ಟರೆ, ಪ್ರತಿಬಿಂಬವು ಸುಮಾರು 2 ಮೀಟರ್ ಆಚೆ ಇರುವಂತೆ ಕಾಣುತ್ತದೆ. ಮಸೂರದ ಸೂತ್ರದಿಂದ ನೀವೇ ಲೆಕ್ಕ ಮಾಡಿ ನೋಡಿರಿ.

ಆ ಹುಡುಗನದು ಸಮೀಪದೃಷ್ಟಿ. ಅವನ ಕನ್ನಡಕದ ಶಕ್ತಿ –2.5 ಡಯಾಪ್ಟರ್, ಎಂದರೆ 40 ಸೆಂಟಿಮೀಟರಿನ ಆಚೆಯದು ಅವನಿಗೆ ಮಸುಕು. ಅಜ್ಜನವರಿಗಾದರೋ ಹತ್ತಿರದ್ದು ಮಾತ್ರ ಕಷ್ಟ. 2 ಮೀಟರ್ ದೂರದ್ದು ಸುಲಭ. ಒಗಟು ಬಿಡಿಸಿದಂತಾಯಿತಲ್ಲವೇ?

ಎರಡು ಕಣ್ಣುಗಳಿಗೆ ಕೊಂಚ ಭಿನ್ನವಾದ ಎರಡು ಚಿತ್ರಗಳನ್ನು ತೋರಿಸಿ ಆಳದ ಅನುಭವವನ್ನು ಕೊಡುವ ಉಪಾಯವು ಹೊಸದಲ್ಲ. ಚಾರ್ಲ್ಸ್ ವೀಟ್‌ಸ್ಟೋನರು 1838ರಲ್ಲಿಯೇ ಅದನ್ನು ವಿವರಿಸಿದ್ದರು. ಅನೇಕ ಹೆಡ್‌ಸೆಟ್ಟುಗಳಲ್ಲಿರುವ ಬಳೆಬಳೆಯಾದ ಮಸೂರವು ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿಯದು. ಅದು 1823ರಲ್ಲಿ ಅಲ್ಲಿನ ಕೊರ್ದುವಾನ್ ದೀಪಸ್ತಂಭದಲ್ಲಿ ಬೆಳಗಿತು. ವಿಶಾಖಪಟ್ಟಣದ ಡಾಲ್ಫಿನ್ಸ್ ನೋಸ್ ಗುಡ್ಡದ ದೀಪಸ್ತಂಭವನ್ನು ಕಂಡಾಗ ನನಗೆ ಈ ಸಂಗತಿಯು ನೆನಪಾಯಿತು. ಹಡಗುಗಳಿಗೆ ದಾರಿ ತೋರಿದ ಮಸೂರವು ಇಂದು ಮಕ್ಕಳ ಮುಖವನ್ನೇರಿದೆ!

ಹಾಗಾದರೆ ಕನ್ನಡಕದವರು ಏನು ಮಾಡಬೇಕು? ಕನ್ನಡಕವನ್ನು ಧರಿಸಿಯೇ ಆಡಬೇಕು. ಆದರೆ ಅದರ ಗಾಜು ಹೆಡ್‌ಸೆಟ್ಟಿನ ಮಸೂರಕ್ಕೆ ತಗಲಬಾರದು. ಆ ಮಸೂರವು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದಾದುದರಿಂದ ಬೇಗ ಗೀಚು ಬೀಳುತ್ತದೆ. ನಡುವೆ ಅಂತರವನ್ನು ಹೆಚ್ಚಿಸುವ ಚೌಕಟ್ಟು ಕೆಲವು ಹೆಡ್‌ಸೆಟ್ಟುಗಳಿಗೆ ಉಂಟು. ಕೆಲವಕ್ಕೆ ನಮ್ಮ ಕಣ್ಣಿನ ಅಳತೆಯ ಮಸೂರಗಳನ್ನೇ ಒಳಗೆ ಕೂಡಿಸಬಹುದು. ಹೆಡ್‌ಸೆಟ್ಟನ್ನು ಬಿಸಿಲಿನಲ್ಲಿ ಎಂದಿಗೂ ಇಡಬಾರದು. ಮಸೂರವು ಸೂರ್ಯಕಿರಣಗಳನ್ನು ಒಂದೆಡೆ ಕೂಡಿಸಿ ಪರದೆಯನ್ನು ಸುಟ್ಟುಬಿಡುತ್ತದೆ.

ಕನ್ನಡಕವಿಲ್ಲದವರಿಗೂ ಒಂದು ಮಾತು. ಹೆಡ್‌ಸೆಟ್ಟನ್ನು ಸರಿಯಾಗಿ ಕೂಡಿಸಿ, ಮಸೂರವನ್ನು ಒರೆಸಿದ ಮೇಲೂ ಚಿತ್ರವು ಮಸುಕಾದರೆ, ಯಂತ್ರವನ್ನು ದೂಷಿಸಿ ಸುಮ್ಮನಾಗಬೇಡಿರಿ. ಕಣ್ಣನ್ನು ಪರೀಕ್ಷೆ ಮಾಡಿಸಿರಿ. 1987ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯು ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಶಾಖೆಗಳನ್ನು ಹೊಂದಿದೆ. ಬೆಂಗಳೂರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಯಿದೆ. ಕರಿಹಲಗೆಯ ಅಕ್ಷರ ಕಾಣದಿದ್ದರೂ ಗೆಳೆಯರು ನಕ್ಕಾರೆಂದು ಕನ್ನಡಕವನ್ನು ಚೀಲದಲ್ಲಿ ಬಚ್ಚಿಡುವವರು ನಮ್ಮ ನಡುವೆಯೂ ಇದ್ದಾರೆ. ಅವರು ಕಳೆದುಕೊಳ್ಳುವುದು ಆಟವನ್ನಲ್ಲ, ಪಾಠವನ್ನು.

ಆ ಹುಡುಗನು ಕನ್ನಡಕವನ್ನು ಧರಿಸಿ ಮತ್ತೆ ನೋಡಿದನು. "ಮಾವ, ಎಲೆ ಎಲೆಯೂ ಕಾಣುತ್ತಿದೆ!" ಎಂದು ಕೂಗಿದನು. ಕಾಣಬೇಕಾದುದನ್ನು ಕಾಣಲು ನಾಚಿಕೆಯೇಕೆ?