ದೇಹದ ಆರೈಕೆಯೂ ಮನಸ್ಸಿನ ಸ್ವಸ್ಥತೆಯೂ

ನಮ್ಮ ಸಭೆಯವರಲ್ಲಿ ಒಬ್ಬನು ಮಂಕಾಗಿ ಕುಳಿತು, ಕೆಲಸದಲ್ಲಿಯೂ ಪ್ರಾರ್ಥನೆಯಲ್ಲಿಯೂ ಆಸಕ್ತಿಯನ್ನು ಕಳಕೊಂಡರೆ, ಆತನ ವಿಶ್ವಾಸವು ಕುಂದಿತೆಂದು ನಾವು ಬೇಗನೆ ತೀರ್ಪುಮಾಡುತ್ತೇವೆ. ಮುಳಬಾಗಲು ಸೀಮೆಯ ಒಂದು ಹಳ್ಳಿಯಲ್ಲಿ ನಾವೇ ಹೀಗೆ ತಪ್ಪಿದೆವು. ಟೊಮೆಟೊ ಬೆಲೆ ಬಿದ್ದ ವರುಷ ಒಬ್ಬ ಸಹೋದರನು ಸಾಲದ ಚಿಂತೆಯಿಂದ ರಾತ್ರಿ ನಿದ್ರೆಯಿಲ್ಲದೆ, ಹಗಲು ಸರಿಯಾಗಿ ಉಣ್ಣದೆ, ಹೊಸಲು ದಾಟದೆ ಇದ್ದನು. ನಾವು ಆತನಿಗೆ ಬುದ್ಧಿ ಹೇಳಿದೆವೇ ಹೊರತು ಆತನ ಊಟನಿದ್ರೆಗಳನ್ನು ವಿಚಾರಿಸಲಿಲ್ಲ.

ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸಾವನ್ನು ಬೇಡಿಕೊಂಡು ಅಡವಿಯಲ್ಲಿ ಮಲಗಿದ್ದ ಎಲೀಯನನ್ನು ದೂತನು ಗದರಿಸಲಿಲ್ಲ. ಆತನಿಗೆ ಮೊದಲು ನಿದ್ರೆ, ರೊಟ್ಟಿ, ನೀರು ದೊರೆತವು. ಅದೂ ಎರಡು ಸಾರಿ. ಆಮೇಲೆ ದೀರ್ಘವಾದ ನಡಿಗೆ. ದೇವರ ಮೆಲ್ಲನೆಯ ಶಬ್ದವು ಕೇಳಿಸಿದ್ದು ಅದಾದ ಮೇಲೆಯೇ.

ಇದರ ಕಾರಣವೇನು? ನಾವು ಚುರುಕಾಗಿ ನಡೆಯುವಾಗ ಗುಂಡಿಗೆಯು ಹೆಚ್ಚು ರಕ್ತವನ್ನು ಮಿದುಳಿಗೆ ಕಳುಹಿಸುವದು, ರಾತ್ರಿ ನಿದ್ರೆಯು ಚೆನ್ನಾಗಿ ಬರುವದು, ಕಳವಳವು ತಗ್ಗುವದು. ಮನಸ್ಸು ಕುಗ್ಗಿದರೆ ಹಸಿವೂ ಬಲವೂ ಕುಗ್ಗುವವು. ಹೀಗೆ ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತಿವೆ.

“ಹೊಲದಲ್ಲಿ ದುಡಿಯುವ ನಮಗೆ ವ್ಯಾಯಾಮವೇಕೆ?” ಎಂದು ಕೆಲವರು ಕೇಳಬಹುದು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ದಿನವೆಲ್ಲಾ ಅಗೆಯುವವನಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಹೊತ್ತಿಗೆ ಸರಿಯಾದ ಊಟ. ಆದರೆ ಮಾಲೂರಿನ ಕಾರ್ಖಾನೆಯಲ್ಲಿ ಕುಳಿತೇ ಕೆಲಸಮಾಡುವವನಿಗೂ, ಕೆರೆಯ ಏರಿಯ ತನಕ ಹೋಗಲು ಮೋಟಾರುಬೈಕನ್ನು ಹತ್ತುವ ಯೌವನಸ್ಥನಿಗೂ ನಡಿಗೆಯು ಅವಶ್ಯ. ಪ್ರಾಯದವರು ವಾರಕ್ಕೆ 150 ನಿಮಿಷವಾದರೂ ಮೈಯನ್ನು ಆಡಿಸಬೇಕೆಂಬದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಅಂದರೆ ವಾರದಲ್ಲಿ ಐದು ದಿವಸ ಅರ್ಧಗಂಟೆಯ ಚುರುಕು ನಡಿಗೆ ಸಾಕು.

ಮೈಕಟ್ಟನ್ನು ಬೆಳೆಸಿದರೆ ಬುದ್ಧಿ ಮಂದವಾಗುವದೆಂಬ ಮಾತೂ ಸುಳ್ಳು. ಹೆಸರಿನಲ್ಲಿಯೇ ಕೋಲಾರವನ್ನು ಹೊತ್ತಿದ್ದ ಕೆ. ವಿ. ಅಯ್ಯರ್ (1897–1980) ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡಿಸಿ, ಭಾರದ ಕಸರತ್ತಿಗೆ ಯೋಗಾಸನಗಳನ್ನೂ ಸೂರ್ಯನಮಸ್ಕಾರವನ್ನೂ ಜೊತೆಗೂಡಿಸಿ ಕಲಿಸಿದರು. ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳನ್ನು ಬರೆದವರೂ ಅವರೇ. ‘ರೂಪದರ್ಶಿ’ಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಹುಡುಗನೇ ಮುಂದೆ ಕೆಟ್ಟು, ಯೂದನ ಚಿತ್ರಕ್ಕೆ ಮಾದರಿಯಾಗುತ್ತಾನೆ. ಒಳಗಿನ ಕೇಡು ಮುಖದ ಮೇಲೂ ಬರೆಯಲ್ಪಡುವದೆಂಬದನ್ನು ಈ ವ್ಯಾಯಾಮಗುರುವು ಚೆನ್ನಾಗಿ ಬಲ್ಲವರಾಗಿದ್ದರು.

ಆದರೂ ಒಂದು ಎಚ್ಚರಿಕೆ: ನಡಿಗೆಯು ಎಲ್ಲಾ ಮನೋವ್ಯಥೆಗೂ ಔಷಧವಲ್ಲ. ದುಃಖವು ಎರಡು ವಾರವಾದರೂ ಬಿಡದಿದ್ದರೆ, ಅಥವಾ ಸಾಯುವ ಮಾತು ಬಾಯಿಗೆ ಬಂದರೆ, ತಡಮಾಡದೆ ವೈದ್ಯರ ಬಳಿಗೆ ಕರಕೊಂಡು ಹೋಗತಕ್ಕದ್ದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಸಲಹೆ ಕೊಡುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.

ನಾವು ಆ ಸಹೋದರನ ಮನೆಗೆ ತಿರಿಗಿ ಹೋದೆವು. ಈ ಸಾರಿ ಬುದ್ಧಿ ಹೇಳದೆ, ಆತನ ಸಂಗಡ ಮುದ್ದೆ ಉಂಡು, ಸಂಜೆ ಕೆರೆಯ ಏರಿಯ ಮೇಲೆ ನಡೆದೆವು. ಆಸ್ಪತ್ರೆಗೂ ಜೊತೆಯಾಗಿ ಹೋದೆವು. ಸಾಲವು ತೀರಲಿಲ್ಲ, ಆದರೆ ಕೆಲವು ತಿಂಗಳಲ್ಲಿ ಆತನಿಗೆ ಅದನ್ನು ಎದುರಿಸುವ ಧೈರ್ಯ ಬಂತು.

ಯೋಚಿಸತಕ್ಕ ಪ್ರಶ್ನೆಗಳು:
1. ದೂತನು ಎಲೀಯನಿಗೆ ಮೊದಲು ಏನು ಕೊಟ್ಟನು? ಯಾಕೆ?
2. ನಮ್ಮ ನೆರೆಯಲ್ಲಿ ಊಟನಿದ್ರೆ ಬಿಟ್ಟವರು ಯಾರು? ಈ ವಾರ ಅವರ ಸಂಗಡ ನಡೆಯುವವರು ಯಾರು?