ರಣಭೈರವಿ ಅಕ್ಕಾದೇವಿ

ಪೀಳಮೇಡಿನ ನಮ್ಮ ವಿದ್ಯಾರ್ಥಿಗಳಿಗೆ ರಾಜರಾಜ ಚೋಳನೂ ರಾಜೇಂದ್ರ ಚೋಳನೂ ಸುಪರಿಚಿತರು. ತಂಜಾವೂರಿನ ಮಹಾದೇವಾಲಯವನ್ನು ಕಂಡುಬಂದವರೂ ಅವರಲ್ಲಿ ಉಂಟು. ಆದರೆ ಆ ಚೋಳರೊಡನೆ ತಲೆಮಾರುಗಳವರೆಗೆ ಕಾದಿದ ಕಲ್ಯಾಣದ ಚಾಲುಕ್ಯರ ಮಾತೆತ್ತಿದರೆ ಹಲವರು ಮೌನ ತಾಳುವರು. ಒಂದೇ ಯುದ್ಧಕ್ಕೆ ಎರಡು ಪಕ್ಷಗಳುಂಟು. ಎರಡನ್ನೂ ಅರಿತಲ್ಲದೆ ಇತಿಹಾಸದ ಜ್ಞಾನವು ಪೂರ್ಣವಾಗದು. ಆದುದರಿಂದ ಚಾಲುಕ್ಯ ರಾಜಪುತ್ರಿಯೊಬ್ಬಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಅಕ್ಕಾದೇವಿಯು ದಶವರ್ಮನ ಮಗಳು. ಐದನೆಯ ವಿಕ್ರಮಾದಿತ್ಯ ಮತ್ತು ಇಮ್ಮಡಿ ಜಯಸಿಂಹರ ಸೋದರಿ. ಹಾನಗಲ್ಲಿನ ಕದಂಬ ಮನೆತನಕ್ಕೆ ಸೊಸೆಯಾಗಿ ಹೋದವಳು. 1010ರಲ್ಲಿಯೇ ಅವಳು ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಳೆಂದು ಗದಗ ಜಿಲ್ಲೆಯ ಸೂಡಿಯ ಶಾಸನದಿಂದ ತಿಳಿಯುತ್ತದೆ. ಪಟ್ಟದಕಲ್ಲಿನ ಸುತ್ತಣ ಪ್ರದೇಶವೇ ಆ ಕಿಸುಕಾಡು. ಮುಂದೆ ಬನವಾಸಿ ಪನ್ನಿರ್ಛಾಸಿರದ ಆಡಳಿತದಲ್ಲಿಯೂ ಅವಳ ಹೆಸರು ಕಾಣಬರುತ್ತದೆ. ಅಣ್ಣನ ಕಾಲದಲ್ಲಿ ಕೈಗೊಂಡ ಅಧಿಕಾರವನ್ನು ಅವಳು ಸೋದರಳಿಯನಾದ ಒಂದನೆಯ ಸೋಮೇಶ್ವರನ ಕಾಲದವರೆಗೆ, ನಾಲ್ವತ್ತಕ್ಕೂ ಮಿಕ್ಕ ವರ್ಷಗಳು ನಡೆಸಿದಳು.

ಬಾದಾಮಿ ಸೀಮೆಯ ಬೇಲೂರಿನ 1022ರ ಶಾಸನವು ಅವಳನ್ನು ಯುದ್ಧದಲ್ಲಿ ಭೈರವಿಗೆ ಹೋಲಿಸಿದೆ. ಇದು ಬರಿಯ ಹೊಗಳಿಕೆಯಲ್ಲ. 1047ರಲ್ಲಿ ಅವಳು ಸೇನೆಯೊಡನೆ ಹೊರಟು ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದಳು. ಆಗ ಅವಳು ಆಡಳಿತ ವಹಿಸಿ 37 ವರ್ಷಗಳಾಗಿದ್ದುವೆಂಬುದನ್ನು ಗಮನಿಸಬೇಕು. ಯೌವನದ ಹುಮ್ಮಸ್ಸಿನಿಂದ ಮಾಡಿದ ಸಾಹಸ ಅದಲ್ಲ. ಪಕ್ವವಾದ ವಯಸ್ಸಿನಲ್ಲಿ ಹೊತ್ತ ಹೊಣೆ. ಅಂತಹ ಹೊತ್ತಿನಲ್ಲಿಯೂ ವಿಕ್ರಮಪುರದ ಜಿನಾಲಯಕ್ಕೆ ಭೂದಾನ ಮಾಡುವುದನ್ನು ಅವಳು ಮರೆಯಲಿಲ್ಲ. ಆ ವಿಕ್ರಮಪುರವೇ ಇಂದಿನ ಅರಸಿಬೀದಿ. ಊರಿನ ಹೆಸರಿನಲ್ಲಿ ಅರಸಿಯು ಇನ್ನೂ ಉಳಿದಿದ್ದಾಳೆ. ಜಿನ, ಬುದ್ಧ, ವಿಷ್ಣು, ರುದ್ರ ಈ ನಾಲ್ವರ ಧರ್ಮಗಳನ್ನೂ ಅವಳು ಸಮನಾಗಿ ಗೌರವಿಸುತ್ತಿದ್ದಳು.

ದೂರದ ಜಾರ್ಜಿಯಾ ದೇಶದಲ್ಲಿ ತಾಮಾರ್ ಎಂಬ ರಾಣಿಯು 1184ರಿಂದ 1213ರವರೆಗೆ ಆಳಿದಳು. ಅವಳ ಪತಿ ದಾವಿದ್ ಸೋಸ್ಲಾನನು ಸೇನೆಯನ್ನು ನಡೆಸಿ 1195ರಲ್ಲಿ ಶಾಮ್ಕೋರದ ಯುದ್ಧವನ್ನು ಗೆದ್ದನು. ಅಲ್ಲಿ ಆಳುವ ಕಾರ್ಯ ಪತ್ನಿಯದು, ಕಾದುವ ಕಾರ್ಯ ಪತಿಯದು. ಅದಕ್ಕೆ ಸುಮಾರು ಒಂದೂವರೆ ಶತಮಾನ ಮೊದಲು ಅಕ್ಕಾದೇವಿಯು ಈ ಎರಡು ಭಾರಗಳನ್ನೂ ತಾನೊಬ್ಬಳೇ ಹೊತ್ತಿದ್ದಳು.

ಆದರೆ ನಮ್ಮ ದೃಷ್ಟಿಯಲ್ಲಿ ಅವಳ ಹಿರಿಮೆಗೆ ಗೋಕಾಕದ ಮುತ್ತಿಗೆಗಿಂತಲೂ ಮಿಗಿಲಾದ ಆಧಾರಗಳು ಎರಡುಂಟು. ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಸೂಡಿಯ ಎಂಟು ಸೆಟ್ಟಿಗಳೂ ಎಂಬತ್ತು ಒಕ್ಕಲುಗಳೂ ಅನುಸರಿಸುತ್ತಿದ್ದ ಊರಿನ ಕಟ್ಟುಪಾಡು ಕೆಟ್ಟುಹೋಗಿತ್ತು. 1050ರಲ್ಲಿ, ಅವಳ ಆಡಳಿತ ಕಾಲದಲ್ಲಿ, ಅದನ್ನು ಮತ್ತೆ ಸ್ಥಾಪಿಸಿಕೊಡಲಾಯಿತು. ಕೋಟೆಯನ್ನು ಕೆಡವುವುದಕ್ಕೆ ಬಲ ಸಾಕು; ಚದರಿದ ಊರನ್ನು ಕೂಡಿಸುವುದಕ್ಕೆ ನ್ಯಾಯಬುದ್ಧಿ ಬೇಕು. ಎರಡನೆಯದು, ಮೇಲೆ ಹೇಳಿದ ಬೇಲೂರಿನ ದಾನ. ಅಲ್ಲಿ ಐನೂರು ವಿದ್ಯಾರ್ಥಿಗಳ ಅನ್ನವಸ್ತ್ರಗಳಿಗಾಗಿ ಅವಳು ಭೂಮಿಯನ್ನು ಬಿಟ್ಟಳು. ಆ ಬೇಲೂರಿಗೆ ಅಂದು ಪೇರೂರೆಂದು ಹೆಸರು. ನಮ್ಮ ಕೊಯಮತ್ತೂರಿನ ಬಳಿ ನೊಯ್ಯಲ್ ನದಿಯ ದಡದಲ್ಲಿಯೂ ಒಂದು ಪೇರೂರಿದೆ! ಹೆಸರು ಒಂದೇ, ಅರ್ಥವೂ ಒಂದೇ: ಹಿರಿಯ ಊರು. ಅರಸರು ಕಾದಿದರೂ ಅವರ ಪ್ರಜೆಗಳ ನುಡಿಗಳು ಒಡಹುಟ್ಟಿದವುಗಳೇ ಆಗಿದ್ದುವು.

ಧರ್ಮಸಂಸ್ಥೆಯ ಆಶ್ರಯದಲ್ಲಿ ಓದುತ್ತಿರುವ ಬಾಲಕ ಬಾಲಿಕೆಯರೇ, ಅನ್ಯರ ಮಕ್ಕಳ ಓದಿಗಾಗಿ ತಮ್ಮದನ್ನು ತೆಗೆದಿರಿಸುವ ಪರಿಪಾಟಿಯು ನಿನ್ನೆ ಮೊನ್ನೆಯದಲ್ಲವೆಂಬುದನ್ನು ನೆನಪಿನಲ್ಲಿಡಿರಿ. ಸಾವಿರ ವರ್ಷಗಳ ಹಿಂದೆ ಅದನ್ನು ಕಲ್ಲಿನಲ್ಲಿ ಕೆತ್ತಿಸಿದವಳು ಕತ್ತಿ ಹಿಡಿಯಬಲ್ಲ ಕನ್ನಡದ ಹೆಣ್ಣುಮಗಳು. ನಾಳೆ ನೀವು ಸಂಪಾದಿಸುವವರಾದಾಗ ಒಬ್ಬ ವಿದ್ಯಾರ್ಥಿಯ ಪುಸ್ತಕಗಳ ವೆಚ್ಚವನ್ನಾದರೂ ವಹಿಸಿಕೊಂಡರೆ ಈ ಪಾಠವನ್ನು ಓದಿದುದು ಸಾರ್ಥಕವಾಯಿತೆಂದು ನಾವು ಭಾವಿಸುವೆವು.