‘ಮಾಡಬೇಕು’ ಎಂಬಲ್ಲಿಂದ ನೀತಿಯವರೆಗೆ: ವಾಯುಮಾಲಿನ್ಯ ಘಟಕಕ್ಕೆ ಐದು ಅವಧಿಗಳ ಪಾಠ

ಪೀಠಿಕೆ

ವಾಯುಮಾಲಿನ್ಯ ಘಟಕದ ಕೊನೆಯಲ್ಲಿ ‘ತಡೆಗಟ್ಟುವ ಕ್ರಮಗಳನ್ನು ತಿಳಿಸಿ’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಮಕ್ಕಳ ಉತ್ತರವೂ ಗೊತ್ತಿರುವುದೇ: ಗಿಡ ನೆಡಬೇಕು, ಕಸ ಸುಡಬಾರದು, ಜನರಲ್ಲಿ ಜಾಗೃತಿ ಮೂಡಿಸಬೇಕು. ಮೂರಕ್ಕೂ ಅಂಕ ಸಿಗುತ್ತದೆ. ಆದರೆ ಈ ಮೂರು ವಾಕ್ಯಗಳಲ್ಲಿ ಕರ್ತೃಪದವೇ ಇಲ್ಲ. ಕನ್ನಡದಲ್ಲಿ ‘ಬೇಕು’, ‘ಬಾರದು’ ಸೇರಿಸಿದರೆ ಮಾಡುವವರು ಯಾರೆಂದು ಹೇಳದೆಯೂ ವಾಕ್ಯ ಮುಗಿಯುತ್ತದೆ. ವ್ಯಾಕರಣಕ್ಕೆ ಅಷ್ಟು ಸಾಕು, ನೀತಿಗೆ ಸಾಲದು.

ಬೋಧನಾಭ್ಯಾಸದ ಅಂಗವಾಗಿ ಈ ಘಟಕವನ್ನು ಒಂಬತ್ತನೇ ತರಗತಿಗೆ ಎರಡು ಕಡೆ ಬೋಧಿಸಿದೆ. ಮೊದಲ ಹಂತದಲ್ಲಿ ಶಿವಮೊಗ್ಗ ನಗರದ ಒಂದು ಪ್ರೌಢಶಾಲೆ, ಎರಡನೇ ಹಂತದಲ್ಲಿ ಭದ್ರಾವತಿಯ ಒಂದು ಪ್ರೌಢಶಾಲೆ. ಎರಡೂ ಊರುಗಳ ನಡುವೆ ಸುಮಾರು 20 ಕಿ.ಮೀ. ಅಂತರ. ‘ಬೇಕು’ ಎಂದು ಬರೆಯುವ ಮಕ್ಕಳು ‘ಯಾರು, ಎಂದಿನೊಳಗೆ, ಯಾರ ಖರ್ಚಿನಲ್ಲಿ’ ಎಂದು ಕೇಳುವಂತಾಗುವುದೇ ಪಾಠದ ಗುರಿ. ಇಲ್ಲಿ ಹೆಚ್ಚಾಗಿ ಭದ್ರಾವತಿಯ ತರಗತಿಯನ್ನು ವಿವರಿಸಿದ್ದೇನೆ. ಶಿವಮೊಗ್ಗದ ಅನುಭವ ಹೋಲಿಕೆಗೆ ಬರುತ್ತದೆ.

ಕಲಿಕಾ ಫಲಗಳು

1. ಗಾಳಿಯಲ್ಲಿನ ಕಣಗಳನ್ನು ಗಾತ್ರ ಮತ್ತು ಮೂಲದ ಆಧಾರದ ಮೇಲೆ ವರ್ಗೀಕರಿಸುವುದು.
2. ತಾತ್ಕಾಲಿಕ ಉಪಾಯಕ್ಕೂ ದೀರ್ಘಾವಧಿ ನೀತಿಗೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸುವುದು.
3. ತಮ್ಮ ಊರಿನ ಒಂದು ಮಾಲಿನ್ಯ ಮೂಲಕ್ಕೆ ಹತ್ತು ವರ್ಷಗಳ ಕರಡು ನೀತಿ ರಚಿಸುವುದು.

ಮೊದಲನೇ ಅವಧಿ: ಊರಿನ ಹೊಗೆಯ ಚರಿತ್ರೆ

ಭದ್ರಾವತಿಯ ಮಕ್ಕಳಿಗೆ ಮಾಲಿನ್ಯ ಎಂದರೆ ಮೊದಲು ನೆನಪಾಗುವುದು ಚಿಮಣಿ. ಆದ್ದರಿಂದ ಅಲ್ಲಿಂದಲೇ ಆರಂಭಿಸಿದೆ. ಬೆಂಕಿಪುರ ಎಂದು ಕರೆಯುತ್ತಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಅದಕ್ಕೆ ಸೇರಿದ್ದು ಆಮೇಲೆ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ತೆಗೆದರು.

ರಸಾಯನಶಾಸ್ತ್ರ ಓದಿದ ನನಗೆ ಇದರಲ್ಲಿ ಬಹಳ ಉಪಯೋಗಕ್ಕೆ ಬಂದ ಅಂಶವೆಂದರೆ ಇದ್ದಿಲು ಮಾಡುತ್ತಿದ್ದ ವಿಧಾನ. ಮರವನ್ನು ಬಯಲಿನಲ್ಲಿ ಸುಡದೆ, ಮುಚ್ಚಿದ ಪಾತ್ರೆಯೊಳಗೆ ಕಾಯಿಸಿ, ಹೊರಬಂದ ಹೊಗೆಯನ್ನು ತಂಪುಮಾಡಿ ಮೆಥನಾಲ್, ಕ್ಯಾಲ್ಸಿಯಂ ಅಸಿಟೇಟ್, ಟಾರ್ ಪಡೆಯುತ್ತಿದ್ದರು. ನೂರು ವರ್ಷದ ಹಿಂದೆ, ಈಗಿನ ವಾಯು ಕಾಯ್ದೆ ಇಲ್ಲದ ಕಾಲದಲ್ಲಿ ಹೊಗೆಯನ್ನು ಯಾಕೆ ಹಿಡಿದರು ಎಂದು ಕೇಳಿದೆ. ‘ಹೊಗೆ ಮಾರ್ಬಹುದಿತ್ತು ಮಿಸ್’ ಎಂಬ ಉತ್ತರ ಬಂತು. ಅದನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಐದೂ ಅವಧಿ ಅಳಿಸದೆ ಉಳಿಸಿಕೊಂಡೆವು.

ಮುಂದಿನ ಪ್ರಶ್ನೆ: ಊರಿನ ಗಾಳಿ ಈಗ ಹೇಗಿದೆ? 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿದೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕೆ ಇಳಿದದ್ದು ಮಕ್ಕಳಿಗೆ ಗೊತ್ತಿತ್ತು. ‘ಆಗ ಊರಲ್ಲಿ ಹೊಗೆ ಜಾಸ್ತಿ ಇತ್ತಂತೆ, ಈಗ ಕಮ್ಮಿಯಂತೆ’ ಎಂದು ಒಬ್ಬ ಹುಡುಗಿ ಹೇಳಿದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, ‘ಹೊಗೆ ಇತ್ತು, ಸಂಬಳಾನೂ ಇತ್ತು’ ಎಂದ. ತರಗತಿ ಸುಮ್ಮನಾಯಿತು. ಅಲ್ಲಿ ಕುಳಿತವರಲ್ಲಿ ಹಲವರ ಮನೆಯಲ್ಲಿ ಅಜ್ಜನೋ ಅಪ್ಪನೋ ಕಾರ್ಖಾನೆಯ ಕೆಲಸ ಮಾಡಿದವರು.

ಆ ಮಾತನ್ನು ಪಾಠದ ಮುಖ್ಯ ಪ್ರಶ್ನೆಯಾಗಿ ತೆಗೆದುಕೊಂಡೆ. ಕಾರ್ಖಾನೆ ನಿಂತಾಗ ಹೊಗೆಯೂ ನಿಲ್ಲುತ್ತದೆ. ಅದನ್ನು ಮಾಲಿನ್ಯ ನಿಯಂತ್ರಣ ಎನ್ನಬಹುದೇ? ಚರ್ಚೆಯ ನಂತರ ತರಗತಿ ಒಪ್ಪಿದ್ದು ಇಷ್ಟು: ದುಡಿಮೆಯೂ ನಡೆದು ಗಾಳಿಯೂ ಶುದ್ಧವಾದರೆ ಅದು ನೀತಿಯ ಫಲ, ದುಡಿಮೆಯೇ ನಿಂತು ಗಾಳಿ ಶುದ್ಧವಾದರೆ ಅದು ನಷ್ಟದ ಫಲ.

ಎರಡನೇ ಅವಧಿ: ಅಳತೆ

ಬಿಳಿ ರಟ್ಟಿನ ತುಂಡುಗಳಿಗೆ ಚೌಕುಳಿ ಎಳೆದು, ವ್ಯಾಸಲೀನ್ ಸವರಿ, ಶಾಲೆಯ ಗೇಟು, ತರಗತಿಯ ಕಿಟಕಿ, ಬಿಸಿಯೂಟದ ಅಡುಗೆಕೋಣೆ ಮತ್ತು ಮೈದಾನದ ಮರಕ್ಕೆ ಎರಡು ದಿನ ಮೊದಲೇ ಕಟ್ಟಿಸಿದ್ದೆ. ಮಕ್ಕಳು ಭೂತಗನ್ನಡಿ ಹಿಡಿದು ಕಣಗಳನ್ನು ಎಣಿಸಿದರು. ಈ ಚಟುವಟಿಕೆಗೆ ಒಂದು ಮಿತಿ ಇದೆ, ಅದನ್ನು ಮಕ್ಕಳಿಗೆ ಹೇಳಲೇಬೇಕು. ರಟ್ಟಿಗೆ ಅಂಟುವುದು ದಪ್ಪ ಧೂಳು. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣದ ವ್ಯಾಸ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಕಡಿಮೆ, ಅಂದರೆ ತಲೆಗೂದಲ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಸಣ್ಣದು. ಅದು ಭೂತಗನ್ನಡಿಗೆ ಕಾಣುವುದಿಲ್ಲ.

ಹಾಗಾದರೆ ಯಂತ್ರ ಬೇಕು. ಶಿವಮೊಗ್ಗದ ವಿನೋಬನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರ ಇದೆ. ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ವಾಯುಗುಣಮಟ್ಟ ಸೂಚ್ಯಂಕ ನೋಡುವುದನ್ನು ಕಲಿಸಿದೆ. 50ರವರೆಗೆ ಉತ್ತಮ, 100ರವರೆಗೆ ಸಮಾಧಾನಕರ, 200 ದಾಟಿದರೆ ಕಳಪೆ. 2009ರ ರಾಷ್ಟ್ರೀಯ ಮಾನಕದ ಪ್ರಕಾರ ಪಿಎಂ 2.5ರ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು, ಪಿಎಂ 10 ಆದರೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕ್ರಮವಾಗಿ 5 ಮತ್ತು 15. ‘ಎರಡರಲ್ಲಿ ಯಾವುದು ಸರಿ?’ ಎಂಬ ಪ್ರಶ್ನೆ ಎರಡೂ ಶಾಲೆಗಳಲ್ಲಿ ಬಂತು. ಒಂದು ಆರೋಗ್ಯದ ದೃಷ್ಟಿಯಿಂದ ಇಟ್ಟ ಗುರಿ, ಇನ್ನೊಂದು ಕಾನೂನಿನಿಂದ ಜಾರಿ ಮಾಡಬಹುದಾದ ಮಿತಿ. ಇವುಗಳ ನಡುವಿನ ಅಂತರವನ್ನು ವರ್ಷ ವರ್ಷ ಕಡಿಮೆ ಮಾಡುವ ದಾರಿಯೇ ದೀರ್ಘಾವಧಿ ನೀತಿ ಎಂದು ವಿವರಿಸಿದೆ.

ಮೂರನೇ ಅವಧಿ: ಒಂದು ಮೂಲದ ಆಳ ಅಧ್ಯಯನ

ಮೂಲಗಳ ಪಟ್ಟಿ ಮಾಡಿಸಿದಾಗ ಶಿವಮೊಗ್ಗದ ಮಕ್ಕಳು ರಸ್ತೆ ಧೂಳು, ಬಸ್ ನಿಲ್ದಾಣ, ಕಟ್ಟಡ ಕೆಲಸ, ಬೀದಿ ಬದಿ ಕಸಕ್ಕೆ ಬೆಂಕಿ ಎಂದು ಬರೆದರು. ಭದ್ರಾವತಿಯಲ್ಲಿ ಚಿಮಣಿಯ ನಂತರ ಬಂದದ್ದು ಅಡಿಕೆ ಸಿಪ್ಪೆ. ಕೊಯ್ಲಿನ ತಿಂಗಳುಗಳಲ್ಲಿ ಹಸಿ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬೀಳುತ್ತದೆ, ಒಣಗುತ್ತದೆ, ಯಾರೋ ಬೆಂಕಿ ಇಡುತ್ತಾರೆ. ಗಾಳಿಯಾಡದ ರಾಶಿಯೊಳಗೆ ಅದು ಉರಿಯದೆ ದಿನಗಟ್ಟಲೆ ಹೊಗೆಯಾಡುತ್ತದೆ. ಅಪೂರ್ಣ ದಹನದಲ್ಲಿ ಸೂಕ್ಷ್ಮ ಕಣ ಮತ್ತು ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಎಂಬ ಪಠ್ಯದ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನ ಪದರ ಬೆಚ್ಚಗಿರುವುದರಿಂದ ಹೊಗೆ ಮೇಲೇರದೆ ಮಂಜಿನೊಂದಿಗೆ ರಸ್ತೆಯಲ್ಲೇ ನಿಲ್ಲುತ್ತದೆ. ಉಷ್ಣತಾ ವಿಲೋಮವನ್ನು ಇಲ್ಲಿಯೇ ಪರಿಚಯಿಸಿದೆ.

‘ದಂಡ ಹಾಕಿದರೆ ನಿಲ್ಲುತ್ತದೆ’ ಎಂದು ಒಂದು ಗುಂಪು ಬರೆದಿತ್ತು. ಚೇಣಿದಾರರ ಮನೆಯ ಹುಡುಗನೊಬ್ಬ ಅದನ್ನು ಒಪ್ಪಲಿಲ್ಲ: ‘ದಂಡ ಹಾಕಿದ್ರೆ ರಾತ್ರಿ ತಂದು ಸುರೀತಾರೆ ಮಿಸ್. ಸಿಪ್ಪೆ ಎಲ್ಲಿ ಹಾಕ್ಬೇಕು ಅಂತ ಯಾರೂ ಹೇಳಿಲ್ವಲ್ಲ.’ ಆ ಗುಂಪಿಗೆ ಕಪ್ಪುಹಲಗೆಯ ಮೂಲೆಯ ವಾಕ್ಯ ತೋರಿಸಿದೆ. ಸಿಪ್ಪೆಯನ್ನು ಯಾರಿಗಾದರೂ ಮಾರಬಹುದೇ? ಸಗಣಿ ಸೇರಿಸಿ ಗೊಬ್ಬರ ಮಾಡಬಹುದು. ನಾರು ಹೆಚ್ಚಿರುವುದರಿಂದ ಕೊಳೆಯಲು ತಿಂಗಳುಗಳು ಹಿಡಿಯುತ್ತವೆ, ಜಾಗವೂ ಬೇಕು. ಒಣಗಿಸಿ ಬಾಯ್ಲರ್‌ಗೆ ಉರುವಲಾಗಿ ಕೊಡಬಹುದು, ಆದರೆ ಸಾಗಣೆಯ ಖರ್ಚಿದೆ. ದಂಡ ಒಂದೇ ಅಲ್ಲ, ಜಾಗ, ಬೆಲೆ, ದಂಡ ಈ ಕ್ರಮದಲ್ಲಿ ಬರಬೇಕು ಎಂಬ ತೀರ್ಮಾನಕ್ಕೆ ಮಕ್ಕಳೇ ಬಂದರು.

ನಾಲ್ಕನೇ ಅವಧಿ: ನೀತಿ ಎಂದರೇನು?

ದೀರ್ಘಾವಧಿ ನೀತಿಗೆ ಮಾದರಿಯಾಗಿ ಬಿಎಸ್-6 ಅನ್ನು ಆರಿಸಿಕೊಂಡೆ. ಬಿಎಸ್-4ರಿಂದ ನೇರವಾಗಿ ಬಿಎಸ್-6ಕ್ಕೆ ಹೋಗುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿದ್ದು 2016ರ ಜನವರಿಯಲ್ಲಿ. ಜಾರಿಯ ದಿನ 2020ರ ಏಪ್ರಿಲ್ 1. ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ತೈಲ ಕಂಪನಿಗಳಿಗೂ ವಾಹನ ತಯಾರಕರಿಗೂ ನಾಲ್ಕು ವರ್ಷ ಮೊದಲೇ ದಿನಾಂಕ ಗೊತ್ತಿತ್ತು. ಇದಕ್ಕೆ ಹೋಲಿಕೆಯಾಗಿ, ರಸ್ತೆಗೆ ನೀರು ಚಿಮುಕಿಸುವುದನ್ನು ಇಟ್ಟೆ. ನೀರು ಆರಿದೊಡನೆ ಧೂಳು ಏಳುತ್ತದೆ. ರಸ್ತೆಯ ಅಂಚಿಗೆ ಕಲ್ಲು ಹಾಸಿದರೆ ಧೂಳಿನ ಮೂಲವೇ ಕಡಿಮೆಯಾಗುತ್ತದೆ.

1981ರ ವಾಯು ಕಾಯ್ದೆ, ಕಸ ಸುಡುವುದನ್ನು ನಿಷೇಧಿಸಿದ 2016ರ ಘನತ್ಯಾಜ್ಯ ನಿಯಮಗಳು, 2019ರ ರಾಷ್ಟ್ರೀಯ ಶುದ್ಧಗಾಳಿ ಕಾರ್ಯಕ್ರಮ, ಇವನ್ನು ಸಂಕ್ಷಿಪ್ತವಾಗಿ ಪರಿಚಯಿಸಿದೆ. ಆ ಕಾರ್ಯಕ್ರಮದ ನಗರಗಳಲ್ಲಿ ಕರ್ನಾಟಕದವು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಶಿವಮೊಗ್ಗ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲ ಎಂದರೆ ಅದಕ್ಕಾಗಿ ಬರುವ ಹಣವೂ ಇಲ್ಲ, ಯೋಜನೆ ಸಲ್ಲಿಸುವ ಒತ್ತಾಯವೂ ಇಲ್ಲ. ಗಾಳಿ ಕೆಟ್ಟ ಮೇಲೆ ಪಟ್ಟಿ ಸೇರುವುದಕ್ಕಿಂತ ಕೆಡುವ ಮೊದಲೇ ಯೋಜನೆ ಮಾಡಿಕೊಳ್ಳಬಾರದೇಕೆ ಎಂಬುದು ಮಕ್ಕಳ ಮುಂದಿಟ್ಟ ಸವಾಲು.

ಐದನೇ ಅವಧಿ: ಕರಡು

ಪ್ರತಿ ಗುಂಪಿಗೆ ನಾಲ್ಕು ಕಾಲಂಗಳ ಹಾಳೆ ಕೊಟ್ಟೆ: ಯಾರು ಮಾಡುವವರು, ಎಂದಿನೊಳಗೆ, ಖರ್ಚು ಯಾರದು, ಆಯಿತೆಂದು ತಿಳಿಯುವುದು ಹೇಗೆ. ‘ಬೇಕು’ ಪದ ಬಳಸುವಂತಿಲ್ಲ ಎಂಬುದು ನಿಯಮ. ಭದ್ರಾವತಿಯಲ್ಲಿ ಮೊದಲ ದಿನ ಸಂಬಳದ ಮಾತಾಡಿದ್ದ ಹುಡುಗ ಐದನೆಯದೊಂದು ಸೇರಿಸೋಣ ಎಂದ: ‘ಯಾರ ಅನ್ನಕ್ಕೆ ಕಲ್ಲು ಬೀಳುತ್ತೆ?’ ಅದೇ ಮಾತುಗಳಲ್ಲಿ ಕಾಲಂ ಸೇರಿತು.

ಅಡಿಕೆ ಸಿಪ್ಪೆ ಗುಂಪಿನ ಕರಡಿನ ಸಾರ ಹೀಗಿದೆ. ಮೊದಲ ಎರಡು ವರ್ಷದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ಸಿಪ್ಪೆ ಹಾಕಲು ಒಂದು ಜಾಗ ಗುರುತಿಸುತ್ತದೆ. ಸಾಗಣೆಯ ಖರ್ಚು ಚೇಣಿದಾರರದು, ಜಾಗದ ಖರ್ಚು ಪಂಚಾಯಿತಿಯದು. ಮೂರರಿಂದ ಐದನೇ ವರ್ಷದಲ್ಲಿ ಸ್ವಸಹಾಯ ಸಂಘಗಳು ಅಲ್ಲಿ ಗೊಬ್ಬರ ಮಾಡುತ್ತವೆ, ತೋಟದವರೇ ಕೊಳ್ಳುತ್ತಾರೆ. ರಸ್ತೆ ಬದಿ ಸುರಿದವರಿಗೆ ದಂಡ ಆರನೇ ವರ್ಷದಿಂದ. ಅಳತೆ: ಕೊಯ್ಲಿನ ತಿಂಗಳುಗಳಲ್ಲಿ ಶಾಲಾ ಮಕ್ಕಳು ದಾರಿಯಲ್ಲಿ ಎಣಿಸಿದ ಹೊಗೆಯಾಡುವ ರಾಶಿಗಳ ಸಂಖ್ಯೆ. ಐದನೇ ಕಾಲಂನಲ್ಲಿ ‘ಸಣ್ಣ ಚೇಣಿದಾರರಿಗೆ ಸಾಗಣೆ ಹೊರೆ, ಮೊದಲೆರಡು ವರ್ಷ ಟ್ರ್ಯಾಕ್ಟರ್ ಪಂಚಾಯಿತಿ ಕಳಿಸುತ್ತದೆ’ ಎಂದಿತ್ತು. ಖರ್ಚಿನ ಕಾಲಂಗೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ಇನ್ನೊಂದು ಗುಂಪು ಆಕ್ಷೇಪಿಸಿತು. ಅವಧಿ ಮುಗಿಯುವವರೆಗೂ ಅದೇ ವಾದ ನಡೆಯಿತು. ಮಾರ್ಗದರ್ಶಕ ಶಿಕ್ಷಕರು ಗಂಟೆ ಹೊಡೆದ ಮೇಲೂ ತಡೆಯಲಿಲ್ಲ.

ಮೌಲ್ಯಮಾಪನ ಮತ್ತು ಸಲಹೆಗಳು

ಕರಡಿಗೆ ಹತ್ತು ಅಂಕ: ಐದು ಕಾಲಂಗಳಿಗೆ ತಲಾ ಎರಡು. ನೀತಿ ಸರಿಯೇ ತಪ್ಪೇ ಎಂಬುದಕ್ಕೆ ಅಂಕ ಇಡಲಿಲ್ಲ. ಕಾಲಂಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಮಾತ್ರ ನೋಡಿದೆ. ಶಿವಮೊಗ್ಗದಲ್ಲಿ ನಾಲ್ಕೇ ಕಾಲಂ ಇದ್ದವು. ಅಲ್ಲಿನ ಕರಡುಗಳಲ್ಲಿ ದಂಡವೇ ಹೆಚ್ಚಿತ್ತು, ಬೀದಿ ಗುಡಿಸುವವರ, ತಳ್ಳುಗಾಡಿಯವರ ಪ್ರಸ್ತಾಪ ಇರಲಿಲ್ಲ. ಐದನೇ ಕಾಲಂ ಬಂದ ಮೇಲೆ ಭದ್ರಾವತಿಯ ಎಲ್ಲ ಗುಂಪುಗಳೂ ದಂಡವನ್ನು ಮುಂದಿನ ವರ್ಷಗಳಿಗೆ ತಳ್ಳಿದವು.

ಈ ಪಾಠ ಬಳಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಮೂರು ಸೂಚನೆ. ರಟ್ಟುಗಳನ್ನು ಮಳೆ ಇಲ್ಲದ ದಿನ ಕಟ್ಟಿಸಿ. ಮೂಲ ಒಂದನ್ನೇ ಆರಿಸಿ, ಐದು ಆರಿಸಿದರೆ ಪಟ್ಟಿಯಾಗುತ್ತದೆ, ಯೋಜನೆಯಾಗುವುದಿಲ್ಲ. ಆರಿಸಿದ ಮೂಲದಿಂದಲೇ ಬದುಕುವ ಮನೆಯ ಮಕ್ಕಳು ತರಗತಿಯಲ್ಲಿದ್ದರೆ ಅವರನ್ನು ಆರೋಪಿಗಳ ಜಾಗದಲ್ಲಿ ನಿಲ್ಲಿಸದೆ, ವಿಷಯ ಬಲ್ಲವರೆಂದು ಕೇಳಿ. ಸಿಪ್ಪೆ ಎಲ್ಲಿ ಹಾಕಬೇಕೆಂದು ಯಾರೂ ಹೇಳಿಲ್ಲ ಎಂಬ ಸಂಗತಿ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ, ಆ ಹುಡುಗನಿಗೆ ಗೊತ್ತಿತ್ತು.